ಸಂಜೆ ಹೊತ್ತಿಗೆ ಗೋದಾಮಿನ ಸೆನ್ಸರ್‌ಗಳ ಅಂಕಿಗಳು ಕಂಪ್ಯೂಟರಿಗೆ ಬರುತ್ತಿಲ್ಲ

ಪ್ರಶ್ನೆ (ಯಾದಗಿರಿ):
ಶರಣಾರ್ಥಿ. ನಮ್ಮ ತೊಗರಿ ಗೋದಾಮಿನಲ್ಲಿ ಉಷ್ಣತೆ ಮತ್ತು ತೇವ ಅಳೆಯುವ ಜಿಗ್‌ಬೀ ಎಂಬ ಕಡಿಮೆ ವಿದ್ಯುತ್ತಿನ ರೇಡಿಯೊ ಸಂಪರ್ಕದಿಂದ ಅಂಕಿ ಕಳಿಸುವ ನಾಲ್ಕು ಸೆನ್ಸರ್‌ಗಳಿವೆ. ತೇವ ಏರಿದ್ದು ತಡವಾಗಿ ಗೊತ್ತಾದರೆ ಕಾಳಿಗೆ ನುಸಿ ಹತ್ತುತ್ತದೆ, ಆದ್ದರಿಂದ ಈ ದಾಖಲೆ ನಮಗೆ ಬಹಳ ಮುಖ್ಯ. ಯುಎಸ್‌ಬಿ ರಿಸೀವರನ್ನು ಪಕ್ಕದ ಆಫೀಸಿನ ಕಂಪ್ಯೂಟರಿನ ಹಿಂಬದಿಗೆ ಹಾಕಿದ್ದೇವೆ. ಹಗಲೆಲ್ಲ ಸರಿಯಾಗಿ ನಡೆಯುತ್ತದೆ. ಆದರೆ ಸಂಜೆ ಆರರ ಸುಮಾರಿಗೆ, ಲೆಕ್ಕಪತ್ರವನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡು ಮನೆಗೆ ಹೊರಡುವಾಗ ನೋಡಿದರೆ, ದೂರದ ಎರಡು ಸೆನ್ಸರ್‌ಗಳ ಸಾಲು ಖಾಲಿ ಇರುತ್ತದೆ. ಬ್ಯಾಟರಿ ಬದಲಿಸಿ, ತಂತ್ರಾಂಶವನ್ನು ಮತ್ತೆ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ.

ಉತ್ತರ (ಕಲಬುರಗಿ):
ಡಿವೈಸ್ ಮ್ಯಾನೇಜರ್ ತೆರೆದು ಕಾಮ್ ಪೋರ್ಟ್ ಸಂಖ್ಯೆಯನ್ನು (ರಿಸೀವರಿಗೆ ಕಂಪ್ಯೂಟರ್ ಕೊಡುವ ಗುರುತಿನ ಸಂಖ್ಯೆ) ನೋಡಿ ಸರ್. ರಿಸೀವರನ್ನು ಬೇರೆ ತೂತಿಗೆ ಹಾಕಿದಾಗ ಕಾಮ್ 3 ಇದ್ದದ್ದು ಕಾಮ್ 5 ಆಗಬಹುದು, ತಂತ್ರಾಂಶ ಮಾತ್ರ ಹಳೆಯದನ್ನೇ ಹುಡುಕುತ್ತಿರುತ್ತದೆ.

ಉತ್ತರ (ಬೀದರ್):
ಪೋರ್ಟ್ ಸಂಖ್ಯೆ ತಪ್ಪಿದ್ದರೆ ನಾಲ್ಕೂ ಒಮ್ಮೆಲೇ ನಿಲ್ಲುತ್ತಿದ್ದವು. ಹತ್ತಿರದ ಎರಡು ಬರುತ್ತಿವೆ ಎಂದರೆ ರಿಸೀವರನ್ನು ನಡೆಸುವ ತಂತ್ರಾಂಶ (ಡ್ರೈವರ್) ಸರಿಯಿದೆ, ರೇಡಿಯೊ ಸಂಕೇತ ದುರ್ಬಲವಾಗುತ್ತಿದೆ. ನನಗೆ ಅನುಮಾನವಿರುವುದು ಆ ಹಾರ್ಡ್ ಡಿಸ್ಕಿನ ಮೇಲೆ. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಕೆಲಸ ಮಾಡುವಾಗ ಅದರ ಕನೆಕ್ಟರ್ ಮತ್ತು ಕೇಬಲ್ಲಿನಿಂದ ಹೊಮ್ಮುವ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ರೇಡಿಯೊ ಪಟ್ಟಿಗೂ ಹರಡುತ್ತದೆ. ಜಿಗ್‌ಬೀ ಮಾತಾಡುವುದೂ ಅಲ್ಲಿಯೇ. ಇಂಟೆಲ್ ಸಂಸ್ಥೆ 2012ರಲ್ಲೇ ಈ ಬಗ್ಗೆ ಒಂದು ಲೇಖನ ಪ್ರಕಟಿಸಿದೆ. ರಿಸೀವರಿಗೆ ಒಂದೂವರೆ ಮೀಟರಿನ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಯುಎಸ್‌ಬಿ 2.0 ಪೋರ್ಟಿಗೆ ಜೋಡಿಸಿ, ಕಂಪ್ಯೂಟರಿನ ಕಬ್ಬಿಣದ ಡಬ್ಬಿಯಿಂದ ದೂರ ಇಡಿ. ವೈಫೈ ರೂಟರ್ ಇದ್ದರೆ ಅದರಿಂದಲೂ ದೂರವಿರಲಿ. ನಿಮ್ಮ ಜಿಗ್‌ಬೀ ಚಾನೆಲ್ 11 ಆಗಿದ್ದು, ವೈಫೈ ಚಾನೆಲ್ 1 ಆಗಿದ್ದರೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ಆಗ ವೈಫೈಯನ್ನೇ 11ಕ್ಕೆ ಬದಲಿಸಿ, ಸೆನ್ಸರ್‌ಗಳನ್ನು ಮುಟ್ಟುವುದು ಬೇಡ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ರಿಸೀವರ್ ಹಾಗೂ ಹಾರ್ಡ್ ಡಿಸ್ಕ್ ಹಾಕುವ ನೀಲಿ (ಯುಎಸ್‌ಬಿ 3.0) ಪೋರ್ಟ್ ನಡುವೆ ಒಂದು ಬೆರಳಿನಷ್ಟೂ ಅಂತರ ಇರಲಿಲ್ಲ. ನಿನ್ನೆ ಕೇಬಲ್ ಹಾಕಿ ರಿಸೀವರನ್ನು ಕಿಟಕಿಯ ಸರಳಿಗೆ ಕಟ್ಟಿ, ಬೇಕೆಂದೇ ನಕಲು ಶುರು ಮಾಡಿ ಅರ್ಧ ಗಂಟೆ ಕಾದೆ. ನಾಲ್ಕೂ ಸಾಲು ತುಂಬಿದವು. ಇನ್ನೂ ಉದ್ದದ ಕೇಬಲ್ ತಂದು ರಿಸೀವರನ್ನು ಗೋದಾಮಿನೊಳಗೇ ಇಡಬಹುದೇ?

ಉತ್ತರ (ಬೀದರ್):
ಸಾಮಾನ್ಯ ಯುಎಸ್‌ಬಿ 2.0 ಕೇಬಲ್ 5 ಮೀಟರ್ ದಾಟಬಾರದು. ಅದಕ್ಕಿಂತ, ಕರೆಂಟಿನಲ್ಲಿ ನಡೆಯುವ ಒಂದು ಜಿಗ್‌ಬೀ ಪ್ಲಗ್ಗನ್ನು ನಡುವಿನ ಗೋಡೆಗೆ ಹಾಕಿ; ಅಂಥ ಪ್ಲಗ್ಗುಗಳು ಸಾಮಾನ್ಯವಾಗಿ ದೂರದ ಸೆನ್ಸರ್‌ನ ಸಂದೇಶವನ್ನು ಮುಂದಕ್ಕೆ ದಾಟಿಸುತ್ತವೆ. ಬ್ಯಾಟರಿಯ ಸೆನ್ಸರ್‌ಗಳು ಆ ಕೆಲಸ ಮಾಡುವುದಿಲ್ಲ.