ಕಿಮೊಥೆರಪಿಗೆ ಮುನ್ನ ಹುಳದ ಪರೀಕ್ಷೆ ಏಕೆ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ತಾಯಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಇದೆ ಎಂದು ಗೊತ್ತಾಗಿದೆ. ಮುಂದಿನ ವಾರ ಕಿಮೊಥೆರಪಿ ಆರಂಭವಾಗುತ್ತದೆ. ಅದರ ಜೊತೆಗೆ ಐದು ದಿನ ಪ್ರೆಡ್ನಿಸೋಲೋನ್ ಮಾತ್ರೆಯೂ ಇದೆ. ಅದಕ್ಕೂ ಮೊದಲು ಮಲಪರೀಕ್ಷೆ ಮಾಡಿಸಿ, ರಕ್ತದಲ್ಲಿ ಸ್ಟ್ರಾಂಜಿಲಾಯ್ಡಿಸ್ ಹುಳದ ಪರೀಕ್ಷೆ ಮಾಡಿಸಿ ಎಂದು ಬರೆದುಕೊಟ್ಟಿದ್ದಾರೆ. ತಾಯಿ ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಹೊಲದಲ್ಲಿ ದುಡಿದವರು, ನಿಜ. ಆದರೆ ಅದು ನಲವತ್ತು ವರ್ಷ ಹಿಂದಿನ ಮಾತು. ಈಗ ಹೊಟ್ಟೆಯ ತೊಂದರೆ ಏನೂ ಇಲ್ಲ. ಇಷ್ಟು ದೊಡ್ಡ ಕಾಯಿಲೆ ಎದುರಿಗಿರುವಾಗ ಹುಳದ ಹಿಂದೆ ಬೀಳಬೇಕೇ?

ಉತ್ತರ: ಬೇಕು. ಪರೀಕ್ಷೆ ಬರೆದವರು ಯೋಚಿಸಿಯೇ ಬರೆದಿದ್ದಾರೆ.

ಕರುಳಿನ ಹೆಚ್ಚಿನ ಹುಳಗಳ ಮೊಟ್ಟೆ ಮಲದೊಂದಿಗೆ ಹೊರಗೆ ಹೋಗಿ ಮಣ್ಣಿನಲ್ಲಿ ಬೆಳೆಯಬೇಕು. ಆದ್ದರಿಂದ ಹೊಸ ಸೋಂಕು ತಗಲದಿದ್ದರೆ ಒಳಗಿರುವ ಹುಳಗಳು ತಮ್ಮ ಆಯಸ್ಸು ಮುಗಿಸಿ ಸಾಯುತ್ತವೆ. ಮಣ್ಣಿನಿಂದ ಬರಿಗಾಲಿನ ಚರ್ಮ ಕೊರೆದು ಒಳಬರುವ ಸ್ಟ್ರಾಂಜಿಲಾಯ್ಡಿಸ್ ಹಾಗಲ್ಲ. ಅದರ ಮೊಟ್ಟೆ ಕರುಳಿನೊಳಗೇ ಒಡೆಯುತ್ತದೆ. ಕೆಲವು ಮರಿಗಳು ಹೊರಗೆ ಹೋಗುವ ಮೊದಲೇ ಬಲಿತು, ಕರುಳಿನ ಗೋಡೆಯನ್ನೋ ಗುದದ ಸುತ್ತಲಿನ ಚರ್ಮವನ್ನೋ ಕೊರೆದು ಮತ್ತೆ ದೇಹದೊಳಗೆ ಸೇರುತ್ತವೆ. ಹೀಗೆ ಒಂದೇ ದೇಹದಲ್ಲಿ ತಲೆಮಾರುಗಳು ಸಾಗುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಥಾಯ್-ಬರ್ಮಾ ರೈಲುಮಾರ್ಗದಲ್ಲಿ ದುಡಿದ ಯುದ್ಧಕೈದಿಗಳಲ್ಲಿ ಈ ಹುಳ ದಶಕಗಳ ನಂತರವೂ ಸಿಕ್ಕಿದೆ. ನಲವತ್ತು ವರ್ಷ ಅದಕ್ಕೆ ದೊಡ್ಡದಲ್ಲ.

ಆರೋಗ್ಯವಂತರಲ್ಲಿ ರೋಗನಿರೋಧಕ ಶಕ್ತಿ ಇದರ ಸಂಖ್ಯೆಯನ್ನು ಹತೋಟಿಯಲ್ಲಿ ಇಡುತ್ತದೆ. ಪ್ರೆಡ್ನಿಸೋಲೋನ್, ಡೆಕ್ಸಾಮೆಥಸೋನ್‌ಗಳಂಥ ಸ್ಟೀರಾಯ್ಡ್ ಬಿದ್ದಾಗ ಆ ಹತೋಟಿ ತಪ್ಪಿ, ಮರಿಗಳು ಶ್ವಾಸಕೋಶ, ಯಕೃತ್ತು, ಮಿದುಳಿನವರೆಗೂ ಹರಡಬಹುದು. ಅವು ಒಂಟಿಯಾಗಿಯೂ ಹೋಗುವುದಿಲ್ಲ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಅಗಾರ್ ತಟ್ಟೆಯ ಮೇಲೆ ಸ್ವಲ್ಪ ಮಲ ಇಟ್ಟರೆ ಮರಿಗಳು ಹೊರಳಾಡುತ್ತಾ ಹೊರಗೆ ಹರಿಯುತ್ತವೆ. ಒಂದೆರಡು ದಿನದಲ್ಲಿ ಅವು ಹೋದ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾದ ಚುಕ್ಕಿಗಳು ಸಾಲಾಗಿ ಮೂಡುತ್ತವೆ. ದೇಹದೊಳಗೂ ಇದೇ ಕಥೆ: ಕರುಳಿನ ಬ್ಯಾಕ್ಟೀರಿಯಾ ಮರಿಯೊಂದಿಗೆ ರಕ್ತ ಸೇರುತ್ತದೆ. ರೋಗಿಗೆ ಜ್ವರ, ರಕ್ತದಲ್ಲಿ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ. ಎಲ್ಲರೂ ಕಿಮೊದಿಂದ ಬಿಳಿ ರಕ್ತಕಣ ಇಳಿದಿದೆ ಎಂದು ಆ್ಯಂಟಿಬಯಾಟಿಕ್ ಕೊಡುತ್ತಾರೆ. ಅದು ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ಹುಳ ಉಳಿದುಬಿಡುತ್ತದೆ. ಈ ಹಂತಕ್ಕೆ ಬಂದ ಮೇಲೆ ಚಿಕಿತ್ಸೆ ಕೊಟ್ಟರೂ ಸಾವಿನ ಪ್ರಮಾಣ ಬಹಳ ಹೆಚ್ಚು.

ಮರುಪ್ರಶ್ನೆ: ಮಲಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಹುಳವಿದ್ದರೆ ಏರುವ ಇಸಿನೊಫಿಲ್ ಎಂಬ ಬಿಳಿ ರಕ್ತಕಣದ ಪ್ರಮಾಣವೂ ಸರಿಯಾಗಿದೆ. ಇನ್ನು ನಿಶ್ಚಿಂತೆಯೇ?

ಉತ್ತರ: ಇಲ್ಲ. ಈ ಹುಳದ ಮರಿಗಳು ಮಲದಲ್ಲಿ ಬಿಟ್ಟುಬಿಟ್ಟು, ಅದೂ ವಿರಳವಾಗಿ ಬರುತ್ತವೆ. ಒಂದೇ ಮಾದರಿಯಲ್ಲಿ ಕಾಣದಿದ್ದರೆ ಅದನ್ನು ನಂಬಿ ಕೂರುವ ಹಾಗಿಲ್ಲ. ಇಸಿನೊಫಿಲ್ ಏರಿದ್ದರೆ ಅನುಮಾನ ಬರಬೇಕು, ಏರದಿದ್ದರೆ ಅನುಮಾನ ಹೋಗಬಾರದು. ಸ್ಟೀರಾಯ್ಡ್ ಆ ಕಣಗಳನ್ನೇ ಇಳಿಸುತ್ತದೆ; ಹಾಡ್ಜ್‌ಕಿನ್ ಲಿಂಫೋಮಾದಂಥ ಕಾಯಿಲೆ ಹುಳವಿಲ್ಲದೆಯೂ ಅವನ್ನು ಏರಿಸುತ್ತದೆ. ಹೆಚ್ಚು ಉಪಯೋಗಕ್ಕೆ ಬರುವುದು ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆ. ಆದರೆ ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲಿ ದೇಹ ಪ್ರತಿಕಾಯವನ್ನೇ ಸರಿಯಾಗಿ ತಯಾರಿಸುವುದಿಲ್ಲ, ಆಗ ಅದೂ ಕೈಕೊಡಬಹುದು. ಹಾಗಾಗಿ ಬರಿಗಾಲಿನ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಸೊಂಟ, ಪೃಷ್ಠದ ಸುತ್ತ ತುರಿಸುವ ಕೆಂಪು ಗೆರೆ ಎದ್ದು ಗಂಟೆಗಳಲ್ಲಿ ಜಾಗ ಬದಲಿಸುತ್ತಿದ್ದರೆ, ಅದು ಚರ್ಮದಡಿ ಹರಿಯುವ ಮರಿಯ ಗುರುತು; ಫೋಟೊ ತೆಗೆದಿಟ್ಟುಕೊಳ್ಳಿ. ಆಸ್ಪತ್ರೆ ತಲುಪುವಷ್ಟರಲ್ಲಿ ಅದು ಮಾಯವಾಗಿರುತ್ತದೆ.

ಮತ್ತೊಬ್ಬರ ಪ್ರಶ್ನೆ: ಇಷ್ಟೆಲ್ಲ ಏಕೆ, ಮನೆಯಲ್ಲೇ ಒಂದು ಅಲ್ಬೆಂಡಜೋಲ್ ಮಾತ್ರೆ ಕೊಟ್ಟರಾಗದೇ?

ಉತ್ತರ: ದಯವಿಟ್ಟು ಬೇಡ. ಜಂತುಹುಳಕ್ಕೆ ಆ ಒಂದು ಮಾತ್ರೆ ಸಾಕು, ಇದಕ್ಕೆ ಸಾಲದು. ಅಲ್ಲದೆ ಅಲ್ಬೆಂಡಜೋಲ್ ಕೆಲವರಲ್ಲಿ ಬಿಳಿ ರಕ್ತಕಣವನ್ನು ಇಳಿಸುತ್ತದೆ. ಕಿಮೊ ರೋಗಿಗೆ ಅದು ಗಾಯದ ಮೇಲೆ ಬರೆ.

ಮತ್ತೊಬ್ಬರ ಪ್ರಶ್ನೆ: ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ಗಾಗಿ ನನ್ನ ತಮ್ಮನಿಗೆ ದಾನಿಯಿಂದ ಅಸ್ಥಿಮಜ್ಜೆ ಕಸಿ ಆಗಿದೆ. ಮನೆಯಲ್ಲಿ ಬೆಕ್ಕಿದೆ. ಕಳುಹಿಸಿಬಿಡಬೇಕೇ?

ಉತ್ತರ: ಬೆಕ್ಕು ಇರಲಿ, ಅದರ ಮಲವನ್ನು ತಮ್ಮ ಮುಟ್ಟದಿರಲಿ. ಬೇರೆಯವರು ಪ್ರತಿದಿನ ತೆಗೆಯಬೇಕು, ಏಕೆಂದರೆ ಅದರಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರಾವಲಂಬಿ ಸೋಂಕು ತಗಲಿಸುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು. ನಿಜ ಹೇಳಬೇಕೆಂದರೆ ಕಸಿಯಾದವರಲ್ಲಿ ನನಗೆ ಬೆಕ್ಕಿಗಿಂತ ಹೆಚ್ಚು ಚಿಂತೆ ರೋಗಿಯೊಳಗೇ ಹಿಂದಿನಿಂದ ಮಲಗಿರುವ ಟಾಕ್ಸೊಪ್ಲಾಸ್ಮಾದ್ದು. ಕಸಿಯ ನಂತರ ಅದು ಎದ್ದು ಮಿದುಳು, ಶ್ವಾಸಕೋಶಕ್ಕೆ ಹರಡಬಹುದು. ನ್ಯುಮೊಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾ ಬಾರದಿರಲಿ ಎಂದು ಕೊಡುವ ಕೋಟ್ರೈಮೋಕ್ಸಜೋಲ್ ಮಾತ್ರೆಯೇ ಇದನ್ನೂ ತಡೆಯುತ್ತದೆ, ತಾವಾಗಿ ನಿಲ್ಲಿಸಬೇಡಿ. ಮಾಂಸ ಚೆನ್ನಾಗಿ ಬೆಂದಿರಲಿ. ಕುಡಿಯುವ ನೀರು ಕುದಿಸಿದ್ದೇ ಆಗಿರಲಿ; ತಿಂಗಳುಗಟ್ಟಲೆ ಭೇದಿ ತರಬಲ್ಲ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಸೂಕ್ಷ್ಮ ಪರಾವಲಂಬಿ ಕ್ಲೋರಿನ್‌ಗೆ ಜಗ್ಗುವುದಿಲ್ಲ, ನೀರು ಒಂದು ನಿಮಿಷ ಕೊತಕೊತ ಕುದಿದರೆ ಸಾಯುತ್ತದೆ.

ಮೊದಲಿನವರ ಪ್ರಶ್ನೆ: ರಕ್ತದ ವರದಿ ಬರಲು ಹತ್ತು ದಿನ ಬೇಕಂತೆ. ಕಿಮೊ ಮುಂದಕ್ಕೆ ಹಾಕಬೇಕೇ?

ಉತ್ತರ: ಸಾಮಾನ್ಯವಾಗಿ ಬೇಕಿಲ್ಲ. ಅನುಮಾನಕ್ಕೆ ಆಧಾರವಿದ್ದು ವರದಿ ತಡವಾಗುವಂತಿದ್ದರೆ, ಕಾಯದೆ ಈ ಹುಳದ ಔಷಧವಾದ ಐವರ್ಮೆಕ್ಟಿನ್ ಕೊಟ್ಟು ಕಿಮೊ ಆರಂಭಿಸುವ ಪದ್ಧತಿ ಇದೆ. ಪ್ರಮಾಣ ತೂಕಕ್ಕೆ ತಕ್ಕಂತೆ, ಕಿಲೋಗೆ 200 ಮೈಕ್ರೊಗ್ರಾಂ. ಎಷ್ಟು ಬಾರಿ ಎಂಬುದನ್ನು ನಿಮ್ಮ ವೈದ್ಯರು ನಿರ್ಧರಿಸಲಿ. ಮಧ್ಯ ಅಥವಾ ಪಶ್ಚಿಮ ಆಫ್ರಿಕಾದಲ್ಲಿ ವಾಸಿಸಿದ್ದವರಾದರೆ ಮೊದಲೇ ತಿಳಿಸಿ. ಅಲ್ಲಿನ ಲೋವಾ ಲೋವಾ ಎಂಬ ಹುಳ ರಕ್ತದಲ್ಲಿ ಹೆಚ್ಚಾಗಿದ್ದಾಗ ಐವರ್ಮೆಕ್ಟಿನ್ ಕೊಟ್ಟರೆ ಮಿದುಳಿಗೆ ತೊಂದರೆಯಾಗಬಹುದು. ತಾಯಿಗೆ ಕಿಮೊ ನಡುವೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಇಲ್ಲಿ ಬರೆದು ಉತ್ತರಕ್ಕೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.