ಮಗಳ ಪ್ರಬಂಧದಲ್ಲಿ ಅಭಿಪ್ರಾಯವೇ ಇಲ್ಲ: ನಿಮ್ಮ ಅನುಭವ ತಿಳಿಸುವಿರಾ?

ಕಾರವಾರದಿಂದ, ಒಬ್ಬ ತಾಯಿ:
ಪ್ರಥಮ ಪಿಯುಸಿಯಲ್ಲಿರುವ ನನ್ನ ಮಗಳು ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಬೇಕೇ ಬೇಡವೇ ಎಂಬ ಬಗ್ಗೆ ಮೂರು ಪುಟ ಬರೆದು, ಕೊನೆಗೆ "ಅಭಿವೃದ್ಧಿಯೂ ಬೇಕು, ಪರಿಸರವೂ ಬೇಕು" ಎಂದು ಮುಗಿಸಿದಳು. "ನಿನ್ನ ಅಭಿಪ್ರಾಯ ಎಲ್ಲಿದೆ?" ಎಂದು ಕೆಂಪು ಶಾಯಿಯಲ್ಲಿ ಬರೆದು ಅಧ್ಯಾಪಕರು ಹಿಂತಿರುಗಿಸಿದ್ದಾರೆ. ಇದನ್ನು ಕಲಿಸುವುದು ಹೇಗೆ?

ಶಿರಸಿಯಿಂದ, ನಿವೃತ್ತ ಶಿಕ್ಷಕಿ:
ತಂಗೀ, ಮೊದಲು ಅವಳಿಂದ "ಏಕೆಂದರೆ" ಎಂಬ ಪದವಿರುವ ಒಂದೇ ಒಂದು ವಾಕ್ಯ ಬರೆಸಿ. ಆಮೇಲೆ ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಕ್ಕೆ ತನ್ನ ಕಾರಣಗಳನ್ನೂ ಬಲಕ್ಕೆ ಒಪ್ಪದವರ ಕಾರಣಗಳನ್ನೂ ಬರೆಯಲಿ. ಎಡಕ್ಕೆ "ಕಾಡು ಮುಖ್ಯ" ಎಂದಷ್ಟೇ ಇದ್ದರೆ ಸಾಲದು; 2020ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯ ಮುಂದಿದ್ದ ಪ್ರಸ್ತಾವಕ್ಕೆ ಸುಮಾರು 595 ಹೆಕ್ಟೇರ್ ಅರಣ್ಯಭೂಮಿ ಬೇಕಿತ್ತು ಎಂದು ಬರೆದರೆ ಓದುವವರು ಅಲ್ಲಿ ನಿಲ್ಲುತ್ತಾರೆ. ಬಲಕ್ಕೆ ಹುಬ್ಬಳ್ಳಿ–ಅಂಕೋಲಾ ರಸ್ತೆಯ ಅರಬೈಲು ಘಟ್ಟದಲ್ಲಿ ಏದುಸಿರು ಬಿಡುವ ಲಾರಿಗಳ ಸಾಲು ಬರಬೇಕು.

ನಮ್ಮ ಕಡೆಯ ಮಕ್ಕಳು ಇಂಥ ವಿಷಯ ಬಂದೊಡನೆ ಅಪ್ಪಿಕೋ ಚಳವಳಿಯನ್ನು ತರುತ್ತಾರೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ಕಡಿತ ತಡೆದದ್ದು ನನಗೂ ಹೆಮ್ಮೆಯ ಸಂಗತಿಯೇ. ಆದರೆ ಜನ ಮನಸ್ಸು ಮಾಡಿದರೆ ಕೊಡಲಿ ನಿಲ್ಲುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾದೀತೇ ಹೊರತು ಈ ರೈಲು ಬೇಡ ಎಂಬುದಕ್ಕೆ ಆಗದು. ಪ್ರತಿ ಉದಾಹರಣೆಯನ್ನೂ "ಇದರಿಂದ ಯಾವ ಮಾತು ಸಿದ್ಧವಾಯಿತು?" ಎಂದು ಕೇಳಿಯೇ ಒಳಗೆ ಬಿಡಬೇಕು.

ಕುಮಟಾದಿಂದ:
ಸ್ಪರ್ಧಾತ್ಮಕ ಪರೀಕ್ಷೆಯ ಪ್ರಬಂಧದಲ್ಲಿ ಮೊದಲ ಸಲ ನನಗೆ ಅಂಕ ಹೋದದ್ದು ಎದುರು ಪಕ್ಷವನ್ನು ಪೆದ್ದನಂತೆ ಚಿತ್ರಿಸಿದ್ದರಿಂದ. ವೇಷ, ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಳೆ ಕೇಳಿ ಬೆಳೆದವನಿಗೆ ಇದು ತಿಳಿದಿರಬೇಕಿತ್ತು: ಸಂಧಾನದ ಪ್ರಸಂಗದಲ್ಲಿ ಕೌರವನ ಅರ್ಥ, ಅಂದರೆ ಅವನ ಪಾತ್ರದ ಮಾತು, ಸಪ್ಪೆಯಾದರೆ ಕೃಷ್ಣನೂ ಸಪ್ಪೆಯಾಗುತ್ತಾನೆ. ಈಗ ಎದುರಾಳಿಯ ಅತ್ಯಂತ ಗಟ್ಟಿ ಮಾತನ್ನು, ಅವನೇ ತಲೆದೂಗುವಂತೆ, ಎರಡನೆಯ ಪ್ಯಾರಾದಲ್ಲೇ ಬರೆದು, ಒಪ್ಪಬೇಕಾದಷ್ಟನ್ನು ಒಪ್ಪಿ, ಅಲ್ಲಿಂದ ನನ್ನ ಉತ್ತರ ಆರಂಭಿಸುತ್ತೇನೆ.

ಹೊನ್ನಾವರದಿಂದ:
ಮೊದಲೇ ರೂಪರೇಷೆ ಹಾಕಿಕೊಂಡು ಬರೆಯುವುದು ಎಲ್ಲರಿಗೂ ಒಗ್ಗುವುದಿಲ್ಲ. ಬರೆಯದೆ ನನಗೆ ನನ್ನ ಅಭಿಪ್ರಾಯವೇ ತಿಳಿಯದು. ಕರಡಿನ ಕೊನೆಯ ಪ್ಯಾರಾದಲ್ಲಿ ಹೊಳೆದದ್ದನ್ನು ಎತ್ತಿ ಮೊದಲಿಗೆ ಇಟ್ಟು ಮತ್ತೆ ಬರೆಯುತ್ತೇನೆ.

ಕಾರವಾರದಿಂದ, ಅದೇ ತಾಯಿ:
ಎಲ್ಲರಿಗೂ ಧನ್ಯವಾದಗಳು. ಶಿರಸಿಯ ಅಕ್ಕ ಹೇಳಿದಂತೆ ಹಾಳೆ ಮಡಚಿ, ಕಾಡಿನ ಪರವಾಗಿ ಬರೆಯುತ್ತ ಹೋದವಳು ಪಕ್ಷವನ್ನೇ ಬದಲಿಸಿದ್ದಾಳೆ! "ಈ ಮಾರ್ಗ ಬೇಕು, ಏಕೆಂದರೆ ಘಟ್ಟದ ರಸ್ತೆಯೊಂದನ್ನೇ ನಂಬಿ ಕರಾವಳಿಯ ಸರಕು ಒಳನಾಡಿಗೆ ಹೋಗುವುದು ಬಹುಕಾಲ ನಡೆಯದು" ಎಂದು ಮೊದಲ ವಾಕ್ಯ ಬರೆದಿದ್ದಾಳೆ. ಆ 595 ಹೆಕ್ಟೇರಿಗೆ ಮಾತ್ರ ಉತ್ತರ ಸಿಕ್ಕಿಲ್ಲವಂತೆ. ಎರಡನೆಯ ಪ್ಯಾರಾವನ್ನು ನಿನ್ನೆಯಿಂದ ಮೂರು ಬಾರಿ ಹೊಡೆದುಹಾಕಿದ್ದಾಳೆ.