ಈಲಿ ಕೆಥೀಡ್ರಲ್‌ನ ಸಂಜೆ ಹಾಡು: ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಮೈಸೂರು_ಮಗಳು:
ನಾನಿರುವುದು ಕೇಂಬ್ರಿಡ್ಜ್‌ನಲ್ಲಿ. ಅಮ್ಮ ಮೈಸೂರಿನಿಂದ ಬಂದಿದ್ದಾರೆ. ಇಪ್ಪತ್ತು ವರ್ಷದಿಂದ ಭಜನಾ ಮಂಡಳಿಯಲ್ಲಿ ಹಾಡುವವರು. ಮ್ಯೂಸಿಯಂ, ಪಾರ್ಕು ಯಾವುದೂ ಅವರಿಗೆ ಹಿಡಿಸಲಿಲ್ಲ. "ಇಲ್ಲಿಯವರು ದೇವರಿಗೆ ಹೇಗೆ ಹಾಡ್ತಾರೆ, ಅದನ್ನ ತೋರಿಸು" ಅನ್ನುತ್ತಾರೆ. ಇಲ್ಲಿಂದ ಈಲಿ ಅನ್ನೋ ಊರಿಗೆ ರೈಲಿನಲ್ಲಿ ಕಾಲು ಗಂಟೆ. ಅಲ್ಲಿನ ಕೆಥೀಡ್ರಲ್‌ನಲ್ಲಿ (ದೊಡ್ಡ ಚರ್ಚು) ಈವನ್‌ಸಾಂಗ್‌ಗೆ, ಅಂದರೆ ಸಂಜೆಯ ಹಾಡಿನ ಪ್ರಾರ್ಥನೆಗೆ, ಸುಮ್ನೆ ಹೋಗಿ ಕೂರಬಹುದಾ? ನಾವು ಕ್ರೈಸ್ತರಲ್ಲ. ಟಿಕೆಟ್ ಎಷ್ಟು? ಚಪ್ಪಲಿ ಎಲ್ಲಿ ಬಿಡಬೇಕು ಅಂತ ಅಮ್ಮ ಕೇಳುತ್ತಿದ್ದಾರೆ, ನಗಬೇಡಿ.

ಚಳಿಗೆ_ಹೆದರಿದವ:
ಯಾರು ಬೇಕಾದರೂ ಹೋಗಬಹುದು. ಹಗಲು ಕಟ್ಟಡ ನೋಡೋಕೆ ದುಡ್ಡು, ಪ್ರಾರ್ಥನೆಗೆ ಬಂದವರಿಗೆ ಇಲ್ಲ. ಶೂ ಬಿಚ್ಚಬೇಡಿ! ಕಲ್ಲಿನ ನೆಲ, ಬೇಸಿಗೆಯಲ್ಲೂ ತಣ್ಣಗೆ ಕೊರೆಯುತ್ತದೆ. ಸ್ವೆಟರ್ ಇರಲಿ. ವೆಬ್‌ಸೈಟ್ ನೋಡಿಕೊಂಡು ಹೋಗಿ, ಶಾಲೆಗೆ ರಜೆ ಇದ್ದಾಗ ಮಕ್ಕಳ ಕಾಯರ್ (ಹಾಡುವ ತಂಡ) ಇರುವುದಿಲ್ಲ.

ಧಾರವಾಡದ_ಟೆನರ್:
ನಾನು ಧಾರವಾಡದ ಬಾಸೆಲ್ ಮಿಷನ್ ಚರ್ಚಿನಲ್ಲಿ ಹಾಡುತ್ತಾ ಬೆಳೆದವನು. ಒಂದೇ ಮಾತು ಹೇಳುತ್ತೇನೆ: ಹಿಂದೆ ಕೂರಬೇಡಿ. ಬಾಗಿಲಲ್ಲಿ ನಿಂತಿರುವವರನ್ನು ಕೇಳಿ, ಒಳಗೆ ಹಾಡುವವರ ಹತ್ತಿರದ ಮರದ ಆಸನಗಳಲ್ಲಿ ಜಾಗ ಇದ್ದರೆ ಕೂರಿಸುತ್ತಾರೆ. ಕಾಯರ್ ಎರಡು ಭಾಗವಾಗಿ ಎದುರುಬದುರು ನಿಲ್ಲುತ್ತದೆ. ಒಂದು ಕಡೆಗೆ ಡೆಕಾನಿ, ಇನ್ನೊಂದಕ್ಕೆ ಕ್ಯಾಂಟೋರಿಸ್ ಅಂತ ಹೆಸರು. ಸಾಮ್ಸ್, ಅಂದರೆ ಬೈಬಲ್ಲಿನ ಹಾಡುಗಳನ್ನು, ಹಾಡುವಾಗ ಒಂದು ಚರಣ ಇವರು, ಮುಂದಿನದು ಅವರು. ನಡುವೆ ಕೂತರೆ ಹಾಡು ಕಿವಿಯಿಂದ ಕಿವಿಗೆ ದಾಟುತ್ತದೆ. ನಮ್ಮ ಕನ್ನಡ ಬೈಬಲ್ಲಿನಲ್ಲಿ ಸಾಮ್ಸ್‌ಗೆ ಕೀರ್ತನೆಗಳು ಅಂತಲೇ ಹೆಸರು, ಅಮ್ಮನಿಗೆ ಹೇಳಿ.

ಇಂಗ್ಲೆಂಡ್ ಚರ್ಚಿನ 1662ರ ಪ್ರಾರ್ಥನೆ ಪುಸ್ತಕದಲ್ಲಿ 150 ಕೀರ್ತನೆಗಳನ್ನು 30 ದಿನಕ್ಕೆ ಹಂಚಿದ್ದಾರೆ. 15ನೇ ತಾರೀಖಿನ ಸಂಜೆಯ ಪಾಲು 78ನೆಯದು, 70ಕ್ಕೂ ಜಾಸ್ತಿ ಚರಣ. ಈಗ ಎಲ್ಲಾ ಕಡೆ ಪೂರ್ತಿ ಹಾಡುವುದಿಲ್ಲ, ಆದರೂ ಮೊದಲ ಸಲಕ್ಕೆ ಆ ದಿನ ಬೇಡ!

ಸ್ವಲ್ಪ ಮುಂಚೆ ಹೋಗಿ ತಲೆ ಎತ್ತಿ ನೋಡಿ. 1322ರಲ್ಲಿ ನಡುಗೋಪುರ ಕುಸಿದು ಬಿತ್ತು. ಆ ಜಾಗದಲ್ಲಿ ಎಂಟು ಮೂಲೆಯ ಗೋಪುರ ಎಬ್ಬಿಸಿ, ಮೇಲೆ ಲಾಂದ್ರದ ಹಾಗೆ ಬೆಳಕು ಒಳಗೆ ಬಿಡುವ ಮರದ ಗೋಪುರ ಕೂರಿಸಿದ್ದಾರೆ. ಹಾಡು ಮುಗಿದ ಮೇಲೆ ಚಪ್ಪಾಳೆ ತಟ್ಟಬೇಡಿ. ನಾನು ತಟ್ಟಿ ಮುಖ ಕೆಂಪಗೆ ಮಾಡಿಕೊಂಡಿದ್ದೇನೆ.

ಮೈಸೂರು_ಮಗಳು:
ಹೋಗಿ ಬಂದ್ವಿ. ಕೀರ್ತನೆ ಶುರುವಾದಾಗ ಅಮ್ಮನ ಬೆರಳು ತೊಡೆ ಮೇಲೆ ತಾಳ ಹುಡುಕುತ್ತಿತ್ತು. ಎರಡು ಚರಣ ಆದ ಮೇಲೆ ಕೈ ಮಡಚಿಟ್ಟರು. ಹೊರಗೆ ಬಂದ ತಕ್ಷಣ, "ತಾಳವೇ ಇಲ್ಲ ಕಣೇ! ಅಷ್ಟು ಜನ ಒಟ್ಟಿಗೆ ಹೇಗೆ ನಿಲ್ಲಿಸ್ತಾರೆ?"

ಧಾರವಾಡದ_ಟೆನರ್:
ಸರಿಯಾಗಿ ಹಿಡಿದಿದ್ದಾರೆ! ಅದು ಮಾತಿನ ಓಟ. ಒಂದೇ ಸ್ವರದ ಮೇಲೆ ಸುಮಾರು ಪದ ಹೇಳಿಕೊಂಡು ಹೋಗಿ, ಗುರುತು ಹಾಕಿದ ಕಡೆ ಸ್ವರ ಬದಲಿಸುತ್ತಾರೆ. ಉಳಿದದ್ದು ಪಕ್ಕದವರ ಉಸಿರು ಕೇಳಿಸಿಕೊಂಡೇ ಬರಬೇಕು.

ಮೈಸೂರು_ಮಗಳು:
ಓದಿ ಹೇಳಿದೆ. ನಾಳೆ ಮತ್ತೆ ಹೋಗಬೇಕಂತೆ, ಈ ಸಲ ಎದುರುಗಡೆ ಸಾಲಿನಲ್ಲಿ.